ಬಾಣಂತಿಯ ಬಾಯಾರಿಕೆ

೧೯೫೮ರ ಮಾಘಮಾಸ. ಹಂಸಭಾವಿಯ ತವರುಮನೆಯ ಕತ್ತಲೆಕೋಣೆಯಲ್ಲಿ ಚೊಚ್ಚಲ ಬಾಣಂತಿ ಸರೋಜವ್ವ ಮಲಗಿದ್ದಳು. ಹೊರಸಿನ ಕೆಳಗೆ ಕೆಂಡ, ಕಿವಿಯಲ್ಲಿ ಅರಳೆ, ಸೊಂಟಕ್ಕೆ ಬಿಗಿದ ಹಳೇ ಸೀರೆ. ಗಾಳಿ ತಗಲಬಾರದು, ಬೆಳಕು ಬೀಳಬಾರದು, ಎಲ್ಲಕ್ಕಿಂತ ಹೆಚ್ಚಾಗಿ ನೀರು ಕುಡಿಯಬಾರದು. ಉಂಡಾಗ ಒಂದು ಗುಟುಕು ಬಿಸಿನೀರು, ಅಷ್ಟೇ.

"ನೀರು ಕುಡದ್ರ ಸನ್ನಿ ಆಗತೈತಿ" ಎಂದು ತಾಯಿ ವೀರವ್ವ ಕೊಡವನ್ನೇ ಕೋಣೆಯಿಂದ ಹೊರಗಿಟ್ಟಿದ್ದಳು. ಅವಳನ್ನು ಬೈದು ಫಲವಿಲ್ಲ. ನಾಲ್ಕು ವರ್ಷದ ಹಿಂದೆ ಹಿರಿಮಗಳು ನೀಲವ್ವ ಇದೇ ಹೊರಸಿನ ಮೇಲೆ ಬಾಣಂತಿ ಸನ್ನಿಯ ಜ್ವರದಲ್ಲಿ ತೀರಿಕೊಂಡಿದ್ದಳು. ಹಾವು ತುಳಿದವರಿಗೆ ಹಗ್ಗ ಕಂಡರೂ ಅಂಜಿಕೆ.

ಸರೋಜವ್ವನಿಗೆ ಹಗಲಲ್ಲೂ ಕನಸು. ಕಣ್ಣು ಮುಚ್ಚಿದರೆ ಸಾಕು, ಗಂಡನ ಊರು ಹಾನಗಲ್ಲಿನ ಕೆರೆ ಮೆಲ್ಲಗೆ ಕೋಣೆಯೊಳಗೆ ಬರುತ್ತಿತ್ತು. ಕೆಂಡ ಆರುತ್ತಿತ್ತು, ಹೊರಸಿನ ಕಾಲುಗಳು ಮುಳುಗುತ್ತಿದ್ದವು, ತಣ್ಣನೆಯ ನೀರು ಗಲ್ಲದವರೆಗೆ ಏರುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಕೂಸು ಅಳುತ್ತಿತ್ತು. ಎದೆಗೆ ಹಚ್ಚಿಕೊಂಡರೆ ಹಾಲು ಸಾಲದು. ಅರಳೆಯ ಬತ್ತಿ ಅದ್ದಿ ಬಾಯಿಗೆ ಹಿಂಡಿದ ಆಡಿನ ಹಾಲು ದಕ್ಕದು. ಕೂಸಿನ ತೊಡೆ ಸುಕ್ಕುಗಟ್ಟತೊಡಗಿತ್ತು. ವೀರವ್ವ ಅಂಟಿನುಂಡಿ ಹೆಚ್ಚು ಮಾಡಿದಳೇ ಹೊರತು ನೀರು ಹೆಚ್ಚು ಮಾಡಲಿಲ್ಲ.

ಬಾಣಂತಿಗೆ ಎಣ್ಣೆನೀರು ಹಾಕುವ ಶೇಖವ್ವ ಮೂರು ದಿನ ನೆಂಟರೂರಿಗೆ ಹೋಗಿದ್ದವಳು ಹೆರಿಗೆಯ ಹನ್ನೊಂದನೇ ದಿನ ಬಂದಳು. ಊರಿನ ಅರ್ಧ ಹೆಂಗಸರ ಸೊಂಟ ನಿಲ್ಲಿಸಿದ ಕೈ ಅವಳದು. ಬಚ್ಚಲಲ್ಲಿ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಎರೆಯತೊಡಗಿದಳು. ಹಬೆಯೊಳಗೆ ಸರೋಜವ್ವನಿಗೆ ಮತ್ತೆ ಕೆರೆ ಕಂಡಿತು. ಮುಖದಿಂದ ಇಳಿಯುತ್ತಿದ್ದ ನೀರನ್ನು ನಾಲಿಗೆ ಚಾಚಿ ನೆಕ್ಕಿದಳು.

ಶೇಖವ್ವನ ಕೈ ನಿಂತಿತು. "ಯವ್ವಾ, ಹೊಟ್ಟಿ ತುಂಬ ನೀರು ಕುಡದು ಎಷ್ಟು ದಿನ ಆತು?"

"ಹಡದ ಮ್ಯಾಲೆ ಕುಡದಿಲ್ಲ."

ಶೇಖವ್ವ ಬಾಗಿಲಿಗೆ ಬಂದು ಕೂಗಿದಳು: "ವೀರವ್ವಾರ, ಬಾವ್ಯಾಗ ಇಲ್ಲದ್ದು ಕೊಡಕ್ಕ ಎಲ್ಲಿಂದ ಬರಬೇಕ್ರಿ? ಕಾಸಿ ಆರಿಸಿದ ನೀರು ತರ್ರಿ. ಸನ್ನಿ ಆದ್ರ ನನ್ನ ಕೇಳ್ರಿ."

ವೀರವ್ವ ತಂಬಿಗೆ ತಂದಳು. ಸರೋಜವ್ವ ಉಸಿರು ತೆಗೆದುಕೊಳ್ಳದೆ ಕುಡಿದಳು; ಇನ್ನೊಂದು ತಂಬಿಗೆ ಬೇಡಿದಳು.

ಎರಡು ದಿನ ವೀರವ್ವ ಮಗಳ ಹಣೆ ಮುಟ್ಟಿ ಮುಟ್ಟಿ ನೋಡಿದಳು. ಸನ್ನಿ ಬರಲಿಲ್ಲ. ಮೂರನೇ ಬೆಳಿಗ್ಗೆ ಹಾಲು ಬಂತು, ಕೂಸಿನ ಗಲ್ಲದ ಮೇಲೆ ಹರಿಯುವಷ್ಟು. ಸರೋಜವ್ವ ಅರೆನಿದ್ದೆಯಲ್ಲೇ ನಕ್ಕಳು.

ವೀರವ್ವ ನಗಲಿಲ್ಲ. ಖಾಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಬಳಿ ಕುಳಿತಿದ್ದಳು.

"ನೀಲವ್ವನೂ ಕೇಳಿದ್ಲು" ಎಂದಳು. "ಕಡೀತನಕ ನೀರು, ನೀರು ಅಂದ್ಲು. ನಾ ಕೊಡಲಿಲ್ಲ."