ತಾಕ್ ಯಂಗ್‌ಹೊ ಇಟ್ಟ ಹೆಸರುಗಳು

ಡೇಗು ನಗರದ ಬಟ್ಟೆ ಗಿರಣಿಯಲ್ಲಿ ನೂಲಿಗೆ ಬಣ್ಣ ಹೊಂದಿಸುವ ಕೆಲಸ ಮಾಡಿ ನಿವೃತ್ತನಾದ ತಾಕ್ ಯಂಗ್‌ಹೊನಿಗೆ ಎರಡೇ ಹುಚ್ಚು. ಗುಡ್ಡ ಹತ್ತುವುದು, ಹತ್ತಿದವರ ಫೋಟೊ ತೆಗೆಯುವುದು. ಭಾನುವಾರದ ಬೆಟ್ಟದ ಸಂಘಕ್ಕೆ ಅವನೇ ಫೋಟೊಗ್ರಾಫರ್. ಯಾರೂ ನೇಮಿಸಿದ್ದಲ್ಲ, ತಾನಾಗಿಯೇ ಆದದ್ದು. ವರ್ಷಗಟ್ಟಲೆ ತೆಗೆದ ಫೋಟೊಗಳು ಕಂಪ್ಯೂಟರಿನಲ್ಲಿ ದಿಕ್ಕಾಪಾಲಾಗಿ ಬಿದ್ದಿದ್ದವು.

ಸಂಘದ ಅಧ್ಯಕ್ಷ, ನೊ ಎಂಬಾತ, ಒಮ್ಮೆ ಹೇಳಿದ: "ಸಂಘದ್ದೊಂದು ಫೋಟೊ ಪುಸ್ತಕ ಮಾಡೋಣ. ಜೋಡಿಸೋಕೆ, ತಿದ್ದೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ನೀವೇ ನೋಡಿ ಹೇಳಿ ತಾಕ್ ಅವರೇ. ನಮಗೆಲ್ಲ ಏನು ಗೊತ್ತಾಗುತ್ತೆ?"

ತಾಕ್ ಉಬ್ಬಿಹೋದ. ಮೊದಲು ನೋಡಿದ್ದು ಬಣ್ಣ ತಿದ್ದುವುದರಲ್ಲಿ ಬಲು ಚೆನ್ನಾಗಿತ್ತು, ಆದರೆ ತಿಂಗಳು ತಿಂಗಳೂ ಬಾಡಿಗೆ ಕೇಳುತ್ತಿತ್ತು. ಇನ್ನೊಂದು ಪುಕ್ಕಟೆ, ಅದರೊಳಗೆ ಹಾಕಿದ ಫೋಟೊ ಎಲ್ಲಿಗೆ ಹೋಯಿತೆಂದು ಹುಡುಕುವುದೇ ಕೆಲಸವಾಯಿತು. ಆಮೇಲೆ ಸಿಕ್ಕಿದ್ದು ಮುಖ ಗುರುತು ಹಿಡಿಯುವಂಥದ್ದು. ಒಂದು ಮುಖಕ್ಕೆ ಹೆಸರು ಬರೆದರೆ ಸಾಕು, ಆ ಮನುಷ್ಯ ಇರುವ ಫೋಟೊಗಳನ್ನೆಲ್ಲ ತಾನೇ ಹೆಕ್ಕಿ ತಂದು ಒಟ್ಟುಮಾಡುತ್ತಿತ್ತು. ತಾಕ್ ಮರುಳಾದ.

ಪರೀಕ್ಷೆಗೆಂದು ಬಾಯಿಗೆ ಬಂದದ್ದನ್ನೇ ಹೆಸರಾಗಿ ಬರೆಯುತ್ತ ಹೋದ. ಅಧ್ಯಕ್ಷನಿಗೆ 'ಭಾಷಣ'. ಸಂಘದ ದಪ್ಪನೆಯ ಸದಸ್ಯ ಇಮ್‌ನಿಗೆ 'ಎರಡು ಊಟ'. ಹಿಂದಿನಿಂದ ಇಣುಕಿದ ಹೆಂಡತಿ ಅಂದಳು, "ರೀ, ಜನರ ಮುಖದ ಕೆಳಗೆ ಹಾಗೆಲ್ಲ ಬರೀಬೇಡಿ."

"ಸುಮ್ನೆ ಪರೀಕ್ಷೆಗೆ ಕಣೇ. ಆಮೇಲೆ ಅಳಿಸ್ತೀನಿ."

ಸಂಘದಲ್ಲಿ ಎಲ್ಲರೂ 'ಚಾಂಗುನ ಅಮ್ಮ' ಎಂದು ಕರೆಯುವ ಹೆಂಗಸೊಬ್ಬಳಿದ್ದಳು. ಗಂಡನೂ ಸಂಘದವನೇ, ಹಿಂದಿನ ವರ್ಷ ತೀರಿಕೊಂಡಿದ್ದ. ಆಮೇಲಿನ ಫೋಟೊಗಳಲ್ಲೆಲ್ಲ ಅವಳ ಮುಖ ಜೋತುಬಿದ್ದಿತ್ತು. ಅವಳ ಸ್ವಂತ ಹೆಸರೇನೆಂದು ತಾಕ್‌ನಿಗೆ ತಿಳಿದಿರಲಿಲ್ಲ. 'ಅಳುಮೋರೆ' ಎಂದು ಬರೆದ. ಸಾಫ್ಟ್‌ವೇರ್ ಮತ್ತೊಂದು ಮುಖ ತೋರಿಸಿತು: ಸೌತೆಕಾಯಿ ಕಚ್ಚುತ್ತ ನಗುತ್ತಿರುವ ಹೆಂಗಸು. ಇವರೂ ಅವರೇನಾ ಎಂದು ಕೇಳಿತು. ತಾಕ್ ಸರಿಯಾಗಿ ನೋಡಲೂ ಇಲ್ಲ, 'ಅಲ್ಲ' ಎಂದು ಒತ್ತಿದ.

ಮುಂದಿನ ಭಾನುವಾರ ಗುಡ್ಡ ಇಳಿದು ಬಂದವರೆಲ್ಲ ಬುಡದ ಹೋಟೆಲಿನಲ್ಲಿ ಈರುಳ್ಳಿ ಸೊಪ್ಪಿನ ದೋಸೆ, ಅಕ್ಕಿಯ ಕಳ್ಳು ಮುಂದಿಟ್ಟುಕೊಂಡು ಕೂತರು. ತಾಕ್ ಕಂಪ್ಯೂಟರನ್ನು ಅಲ್ಲಿನ ದೊಡ್ಡ ಟಿ.ವಿ.ಗೆ ಜೋಡಿಸಿದ. ಸಾಫ್ಟ್‌ವೇರಿನ ಗುಣಗಾನ ಮಾಡಿ, ಮುಖಗಳ ಪುಟ ತೆರೆದ.

ಅಳಿಸುವುದನ್ನು ಮರೆತಿದ್ದ.

"ಎರಡು ಊಟ ಅಂದ್ರೆ ನಾನಾ? ಸುಳ್ಳು, ಇವತ್ತು ಮೂರು!" ಎಂದು ಇಮ್ ಹೊಟ್ಟೆ ತಟ್ಟಿಕೊಂಡ. ಎಲ್ಲರೂ ಗೊಳ್ಳೆಂದರು. ಅಧ್ಯಕ್ಷನ ನಗು ಮಾತ್ರ ಅರ್ಧಕ್ಕೇ ನಿಂತಿತು. ತಾಕ್ ಗಾಬರಿಯಿಂದ ಪುಟ ಮುಚ್ಚಲು ಹೋಗಿ ಯಾವುದನ್ನೋ ಒತ್ತಿದ. ಚಾಂಗುನ ಅಮ್ಮನ ಮುಖ ಟಿ.ವಿ. ತುಂಬ ಹರಡಿತು, ಕೆಳಗೆ ಆ ಪದ.

ನಗು ಅಡಗಿತು. ಅವಳು ಊಟದ ಕಡ್ಡಿಗಳನ್ನು ತಟ್ಟೆಯ ಪಕ್ಕ ಇಟ್ಟಳು. "ನಿಜಾನೇ ತಾನೇ," ಎಂದಳು ಮೆಲ್ಲಗೆ. "ಫೋಟೊ ತೆಗೆಯೋವಾಗ್ಲೇ ಹೇಳಿದ್ದಿದ್ರೆ ಮುಖ ತಿರುಗಿಸ್ಕೊಳ್ತಿದ್ದೆ." ಚೀಲ ಎತ್ತಿಕೊಂಡು ಹೊರಟುಹೋದಳು.

ಅವಳ ಹಿಂದೆ ಎದ್ದ ಹೆಂಗಸೊಬ್ಬಳು ಬಾಗಿಲಲ್ಲಿ ತಿರುಗಿ ಕೇಳಿದಳು, "ಇಷ್ಟು ವಯಸ್ಸಾಯ್ತು, ನಾಚಿಕೆ ಆಗಲ್ವಾ ಅಣ್ಣಾ ನಿಮಗೆ?"

ತಾಕ್‌ನ ಕಿವಿಗಳು ಕಾದ ಹೆಂಚಾಗಿದ್ದವು. ತಲೆ ಎತ್ತದೆ ತಂತಿಗಳನ್ನು ಸುತ್ತಿದ. ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿ, ಕೊನೆಗೆ, "ಆಕೆ ಹೆಸರೇನು ಗೊತ್ತಾ?" ಎಂದ.

"ಇಷ್ಟು ವರ್ಷ ಜೊತೆಗೆ ಗುಡ್ಡ ಹತ್ತಿದೋರು ನೀವು. ಹೋಗಿ ಅವರನ್ನೇ ಕೇಳಿ."

ಚಾಂಗುನ ಅಮ್ಮನದು ಸಂತೆಬೀದಿಯಲ್ಲಿ ಪಲ್ಯ, ಉಪ್ಪಿನಕಾಯಿ ಮಾರುವ ಅಂಗಡಿ. ಎರಡು ಸಲ ಅದರ ಮುಂದೆಯೇ ಹಾದುಹೋಗಿ, ಆಮೇಲೆ ಒಳಗೆ ಕಾಲಿಟ್ಟ.

"ಏನು ಕೊಡ್ಲಿ?" ಎಂದಳು, ಗಿರಾಕಿಗೆ ಕೇಳುವಂತೆ.

ತಾಕ್ ಸೊಂಟ ಬಗ್ಗಿಸಿ ತಲೆ ತಗ್ಗಿಸಿದ. "ತಪ್ಪಾಯ್ತು. ದೊಡ್ಡ ತಪ್ಪಾಯ್ತು. ನಿಮ್ಮ ಹೆಸರು ಕೂಡ ನನಗೆ..."

"ಮೆಂಗ್ ಒಕ್‌ಹಿ. ಬರ್ಕೊಳ್ಳಿ, ಮತ್ತೆ ಮರೀತೀರಿ." ಡಬ್ಬಿಗೆ ಮೂಲಂಗಿ ಉಪ್ಪಿನಕಾಯಿ ತುಂಬುತ್ತಲೇ ಅಂದಳು, "ನಮ್ಮ ಯಜಮಾನ್ರ ಫೋಟೊ ಇದ್ರೆ ಕೊಡಿ. ನನ್ನವು ಬೇಡ, ಅಳಿಸಿಬಿಡಿ."

ಮನೆಗೆ ಬಂದು ಅವಳ ಗಂಡನ ಮುಖ ಹುಡುಕಿಸಿದ. ಒಂದರ ಹಿಂದೊಂದು ಫೋಟೊ ಬಂತು. ಬಹುಪಾಲು ಎಲ್ಲದರಲ್ಲೂ ಪಕ್ಕದಲ್ಲೇ ಆ ಸೌತೆಕಾಯಿಯ ಹೆಂಗಸು. ಹಲ್ಲು ಬಿಟ್ಟು ನಗುವವಳು, ಗಂಡನ ಟೊಪ್ಪಿ ಎಳೆಯುವವಳು. ತಾಕ್ ಪರದೆಗೆ ಕಣ್ಣು ಹತ್ತಿರ ತಂದ. ಅವಳೇ. ಯಂತ್ರ ಅನುಮಾನಪಟ್ಟು ಕೇಳಿತ್ತು. ಎದುರಿಗೇ ನಿಂತು ಫೋಟೊ ತೆಗೆದವನು 'ಅಲ್ಲ' ಎಂದಿದ್ದ. ಹೆಂಡತಿ ಊಟಕ್ಕೆ ಕರೆದರೂ ಏಳಲಾಗಲಿಲ್ಲ.

ಕಪ್ಪಾಗಿದ್ದ ಫೋಟೊಗಳನ್ನು ಒಂದಿಷ್ಟು ಬೆಳಕು ಮಾಡಿದ, ಮುಖಗಳನ್ನು ಮುಟ್ಟಲಿಲ್ಲ. ಪ್ರಿಂಟ್ ಹಾಕಿಸಿ ಅಂಗಡಿಗೆ ಒಯ್ದ. "ನೀವು ಇಲ್ಲದ್ದು ಹೆಚ್ಚು ಸಿಗಲಿಲ್ಲ," ಎಂದ. ಒಕ್‌ಹಿ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಒಂದೊಂದನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. "ಇಟ್ಟು ಹೋಗಿ," ಎಂದಳು, ಅಷ್ಟೇ.

ಪುಸ್ತಕದ ಕೆಲಸವನ್ನು ಅಧ್ಯಕ್ಷ ಬೇರೆಯವರಿಗೆ ಕೊಟ್ಟ. ವಸಂತದಲ್ಲಿ ಒಕ್‌ಹಿ ಮತ್ತೆ ಗುಡ್ಡಕ್ಕೆ ಬಂದಳು. "ಒಕ್‌ಹಿ ಅವರೇ, ಚೆನ್ನಾಗಿದ್ದೀರಾ?" ಎಂದು ತಾಕ್ ಕೇಳಿದರೆ, "ಇದ್ದೀನಿ" ಎನ್ನುತ್ತಾಳೆ. ಆದರೆ ಅವನು ಕ್ಯಾಮೆರಾ ಎತ್ತಿದೊಡನೆ ಸದ್ದಿಲ್ಲದೆ ಬೇರೆಯವರ ಬೆನ್ನ ಹಿಂದೆ ಸರಿಯುತ್ತಾಳೆ. ಈ ಕಡೆಗೆ ಬನ್ನಿ ಎಂದು ಕರೆಯಲು ತಾಕ್‌ನಿಗೆ ಇಂದಿಗೂ ಬಾಯಿ ಬರುವುದಿಲ್ಲ.