ರಾಮದುರ್ಗದ ಅಜ್ಜಿಗೆ ಎರಡು ಪುರಾವೆ

ನನ್ನ ಮೈಯಲ್ಲಿ ಕಿತ್ತೂರಿನ ರಕ್ತ ಹರಿಯುತ್ತಿದೆ ಎಂದು ನಾನು ನಲವತ್ತೈದು ವರ್ಷ ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಾನು ಸುಮ್ಮನಿರುವ ಪೈಕಿ ಅಲ್ಲ. ಬೈಲಹೊಂಗಲದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಪ್ರಮೇಯ ಒಪ್ಪಿಸಲು ತಡವರಿಸಿದವರ ಮೇಲೆ ಬೋರ್ಡಿನ ಮೇಲೆ ಬರೆಯುವ ಖಡು ಎಸೆದು, ಆಮೇಲೆ ಸ್ಟಾಫ್ ರೂಮಿನಲ್ಲಿ ಕುಳಿತು, "ಏನ ಮಾಡೂದ್ರಿ, ರಕ್ತದಾಗ ಬಂದದ್ದು" ಎನ್ನುತ್ತಿದ್ದೆ. ನಮ್ಮ ಮುತ್ತಜ್ಜನ ಅಜ್ಜ ಕಿತ್ತೂರ ಕೋಟೆಯಲ್ಲಿ ಕತ್ತಿ ಹಿಡಿದಿದ್ದನೆಂಬ ಮಾತು ಮನೆಯಲ್ಲಿತ್ತು. ಕತ್ತಿ ಮಾತ್ರ ಇರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಇಂಥದೇ ಹುಚ್ಚಿನ ಏಳು ಮಂದಿ ಸೇರಿ ವಂಶಾವಳಿ ಬಳಗ ಕಟ್ಟಿಕೊಂಡೆವು. ತಿಂಗಳ ಎರಡನೆಯ ರವಿವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸಭೆ. ಅಧ್ಯಕ್ಷರು ನಿವೃತ್ತ ತಲಾಠಿ. ಯಾರ ಹೊಲದ ಉತಾರದಲ್ಲಿ ಯಾರ ಹೆಸರು ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದು ಅವರಿಗೆ ಕಾಗದ ನೋಡದೆ ಗೊತ್ತಿತ್ತು. ಇನ್ನೊಬ್ಬರು ಜೀಪಿನ ಸಾಹೇಬರು. ತಮ್ಮ ಹಿರಿಯರು ಕಿತ್ತೂರಿನಲ್ಲಿ ತೋಫಿಗೆ ಮದ್ದು ತುಂಬುತ್ತಿದ್ದರೆಂದು ಅವರ ನಂಬಿಕೆ. ಜೀಪು ಅವರದಾದ್ದರಿಂದ ನಾವು ಯಾರೂ ಅದನ್ನು ಪ್ರಶ್ನಿಸಲಿಲ್ಲ. ಆ ಜೀಪಿನಲ್ಲೇ ನಮ್ಮ ಅಧ್ಯಯನ ಪ್ರವಾಸಗಳು ನಡೆದವು. ಹಳೆಯ ದಫ್ತರ ಕೇಳಲು ಸಂಪಗಾಂವಕ್ಕೆ, ಶಾಸನ ಓದಲು ಬಾರದಿದ್ದರೂ ದೇಗಾಂವದ ಗುಡಿಗೆ, ಮತ್ತೆ ಮತ್ತೆ ಕಿತ್ತೂರಿಗೆ. ಕೋಟೆಯ ಗೋಡೆ ಕಂಡ ಕೂಡಲೇ ಪ್ರತಿಯೊಬ್ಬರೂ "ನಮ್ಮಾಂವ ಇಲ್ಲೇ ನಿಂತಿದ್ದ" ಎಂದು ಒಂದೊಂದು ಜಾಗ ಹಿಡಿಯುತ್ತಿದ್ದೆವು. ಏಳೂ ಮನೆತನದವರು ಹೇಳಿದ ಜಾಗದಲ್ಲಿ ನಿಂತಿದ್ದರೆ ಆ ಗೋಡೆಯ ಮೇಲೆ ಕಾಲಿಡಲು ಸಂದಿ ಇರುತ್ತಿರಲಿಲ್ಲ.

ನಾನು ಕಾರ್ಯದರ್ಶಿ. ಗಣಿತದವನಾದ್ದರಿಂದ ಬಳಗಕ್ಕೆ ಒಂದು ನಿಯಮ ತಂದೆ: ಎರಡು ಪುರಾವೆ ಇಲ್ಲದೆ ಯಾವ ಹೆಸರನ್ನೂ ವಂಶಾವಳಿಯಲ್ಲಿ ಬರೆಯಕೂಡದು. ಜೀಪಿನ ಸಾಹೇಬರ ಮದ್ದು ತುಂಬುವ ಅಜ್ಜನನ್ನು ಈ ನಿಯಮದ ಮೇಲೆ ಎರಡು ವರ್ಷ ಹೊರಗೇ ನಿಲ್ಲಿಸಿದ್ದೆ. ನನ್ನ ಕತ್ತಿಯವನು ನಿಯಮ ಬರುವ ಮೊದಲೇ ಒಳಗೆ ಬಂದು ಕುಳಿತಿದ್ದ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಸೈಬರ್ ಕೆಫೆ ಬಂತು. ಮಾಲೀಕರ ಮನೆಗೂ ಕೆಫೆಗೂ ಒಂದೇ ಫೋನಿನ ತಂತಿ. ಅವರ ಹೆಂಡತಿಯ ತವರು ದೊಡವಾಡ. ಅಲ್ಲಿಂದ ಆಕೆಯ ತಾಯಿ ದಿನಾ ಸಂಜೆ ಫೋನ್ ಮಾಡಿದಾಗ ಇಂಟರ್ನೆಟ್ ಹೋಗುತ್ತಿತ್ತು. ಹೀಗಾಗಿ ನನ್ನ ಮುತ್ತಜ್ಜನ ಅಜ್ಜ ಅರ್ಧರ್ಧವಾಗಿ ಪರದೇಶ ತಲುಪಿದ. ಮನೆತನದ ಇತಿಹಾಸ ಹುಡುಕುವವರಿಗೆಂದೇ ಇದ್ದ ಒಂದು ಜಾಲತಾಣದಲ್ಲಿ ಹೆಸರು ನೋಂದಾಯಿಸಿದೆ. ನಿಮ್ಮ ಪೂರ್ವಜರು ಯಾವ ಹಡಗಿನಲ್ಲಿ ಬಂದರು ಎಂಬ ಪ್ರಶ್ನೆ ಅದರಲ್ಲಿತ್ತು. ನಮ್ಮವರು ಸಂಪಗಾಂವದಿಂದ ಚಕ್ಕಡಿಯಲ್ಲಿ ಬಂದವರು. ಅದನ್ನೇ ತುಂಬಿದೆ. ಕಿತ್ತೂರಿನ ಯೋಧನ ಸಂತತಿ ನಾನು, ಬಂಧುಗಳಿದ್ದರೆ ಬರೆಯಿರಿ ಎಂದು ಎದೆಯುಬ್ಬಿಸಿ ಪ್ರಕಟಣೆಯನ್ನೂ ಹಾಕಿದೆ. ಮೂರು ವಾರ ಯಾವ ಬಂಧುವೂ ಬರೆಯಲಿಲ್ಲ. ಆಮೇಲೆ ಯಾವುದೋ ದೇಶದ ಪುಣ್ಯಾತ್ಗಿತ್ತಿಯೊಬ್ಬರು, ಮೊದಲು ಮನೆಯ ಹಿರಿಯರನ್ನು ಮಾತನಾಡಿಸಿ ಎಂದು ಬರೆದು, ಅವರಿಗೆ ಕೇಳಬೇಕಾದ ಅರವತ್ತು ಪ್ರಶ್ನೆಗಳ ಪಟ್ಟಿ ಕಳಿಸಿದರು. ಹಿರಿಯರನ್ನು ಮಾತನಾಡಿಸುವುದು ನನಗೆ ಶಾಸ್ತ್ರೀಯವೆನಿಸಲಿಲ್ಲ. ಪಟ್ಟಿಯನ್ನು ಮಾತ್ರ ಕನ್ನಡಕ್ಕೆ ತಿರುಗಿಸಿ ಫೈಲಿನಲ್ಲಿಟ್ಟೆ.

ಆ ವರ್ಷ ಸುಗ್ಗಿ ಮುಗಿದಾಗ ಹೆಳವ ಬಂದ. ನಮ್ಮ ಕಡೆ ಗೊತ್ತಿರುವ ಸಂಗತಿಯೇ: ಮನೆತನಗಳ ವಂಶಾವಳಿಯನ್ನು ಹಾಡಿ ಹೇಳುವವರು ಹೆಳವರು. ನಾಲ್ಕಾರು ವರ್ಷಕ್ಕೊಮ್ಮೆ ಬಂದು, ಬೆಳಿಗ್ಗೆ ಬಾಗಿಲಲ್ಲಿ ನಿಂತು, ಹತ್ತು ತಲೆಮಾರಿನ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕದಲ್ಲಿ ಬರೆದುಕೊಂಡು, ಕಾಳು ಬಟ್ಟೆ ಪಡೆದು ಹೋಗುತ್ತಾರೆ. ಪ್ರತಿ ಸಲ ಅಪ್ಪ ಮುಂದೆ ಕುಳಿತು ಕೇಳುತ್ತಿದ್ದರು; ಅಜ್ಜನ ಹೆಸರು ಬರುವಷ್ಟರಲ್ಲಿ ಎದ್ದು, ಒಂದು ಸೇರು ಜೋಳ ಹೆಚ್ಚಿಗೆ ಸುರಿದು, "ಮುಂದ ಹೇಳೋ" ಎನ್ನುತ್ತಿದ್ದರು. ಅಪ್ಪನದು ದೊಡ್ಡ ಕೈ ಎಂದು ನಾನು ತಿಳಿದಿದ್ದೆ. ಆ ದಿನ ಅಪ್ಪ ಹೊಲಕ್ಕೆ ಹೋಗಿದ್ದರು. ತಡೆಯುವವರಿಲ್ಲದೆ ಹೆಳವ ಪೂರ್ತಿ ಹೇಳಿದ.

"ಇಲ್ಲಿಗೆ ಸಂತಾನ ನಿಂತಿತ್ತು. ರಾಮದುರ್ಗದ ಸೀಮಿಯಿಂದ ಏಳ ವರ್ಷದ ಕೂಸಿನ್ನ ದತ್ತಕ ತಂದು ದೀಪಾ ಹಚ್ಚಿದರು. ಅಂವನ ನಿಮ್ಮಜ್ಜ. ಒಡಹುಟ್ಟಿದಾಕಿ ಒಬ್ಬಾಕಿ ತಂಗಿ, ರಾಮದುರ್ಗದಾಗ ಇನ್ನೂ ಜೀವಂತ ಅದಾಳ."

ನನ್ನ ಕಿತ್ತೂರಿನ ರಕ್ತ ನಿಂತ ನಿಲುವಿನಲ್ಲೇ ಇಳಿದುಹೋಯಿತು. ಸತ್ಯ ಹೇಳಬೇಕೆಂದರೆ, ರಾಮದುರ್ಗದಲ್ಲಿ ನನಗೊಬ್ಬ ಅಜ್ಜಿ ಇದ್ದಾಳೆಂಬುದು ಆ ಹೊತ್ತಿಗೆ ತಲೆಗೇ ಹೋಗಲಿಲ್ಲ. ನಾಳೆಯಿಂದ ಖಡು ಎಸೆದು ಯಾರ ಹೆಸರು ಹೇಳಲಿ ಎಂಬುದೇ ದೊಡ್ಡ ಚಿಂತೆಯಾಯಿತು.

ಸಂಜೆ ಅಪ್ಪನನ್ನು ಕೇಳಿದೆ. "ದತ್ತಕ ತಂದ ದಿವಸ ನಿನ್ನ ಮುತ್ತಜ್ಜಿ ನಿಮ್ಮಜ್ಜನ ಕಡಿಂದ ವಿಭೂತಿ ಮುಟ್ಟಿಸಿ ಆಣಿ ಮಾಡಿಸಿದಳಂತ, ಸವದತ್ತಿ ದಾಟಿ ಆ ಕಡೆ ಕಾಲಿಡೂದಿಲ್ಲಂತ. ಹುಡುಗ ಓಡಿಹೋದಾನು ಅಂತ ಆಕಿಗೆ ಭಯ. ಅಪ್ಪ ಸಾಯೂತನಕ ನಡಿಸಿದ. ಅವನ ಮಾತು ನಾನು ಮುರಿಯಾಂವಲ್ಲ. ಆ ವಿಷಯ ಬ್ಯಾಡ" ಎಂದು ಎದ್ದುಹೋದರು.

ಯಾವ ಮನುಷ್ಯನಾದರೂ ಮರುದಿನವೇ ರಾಮದುರ್ಗದ ಬಸ್ಸು ಹತ್ತುತ್ತಿದ್ದ. ನಾನು ಪುರಾವೆ ಹುಡುಕಲು ಹೊರಟೆ. ದತ್ತಕಪತ್ರಕ್ಕಾಗಿ ಸಂಪಗಾಂವ, ಸವದತ್ತಿ ಎಂದು ಐದು ತಿಂಗಳು ಅರ್ಜಿ ಬರೆದೆ. ಒಂದು ಕಡೆ ದಫ್ತರ ಗೆದ್ದಲು ತಿಂದಿದೆ ಎಂದರು. ಇನ್ನೊಂದು ಕಡೆ ಗೆದ್ದಲು ತಿಂದದ್ದು ಯಾವ ದಫ್ತರ ಎಂಬ ಪಟ್ಟಿಯನ್ನೂ ಗೆದ್ದಲು ತಿಂದಿತ್ತು. ಕೊನೆಗೆ ಬೇರೆ ದಾರಿ ಕಾಣದೆ, ಆಷಾಢ ಮುಗಿಯುವ ಹೊತ್ತಿಗೆ ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋದೆ. ಆಣೆ ಅಜ್ಜನದು, ಹೆಚ್ಚೆಂದರೆ ಅಪ್ಪನದು; ನನಗೆ ಅನ್ವಯಿಸುವುದಿಲ್ಲ ಎಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡೆ. ಬಗಲಚೀಲದಲ್ಲಿ ಅರವತ್ತು ಪ್ರಶ್ನೆ, ಎರಡು ಪೆನ್ನು.

ಅಜ್ಜಿ ಮನೆಯ ಕಟ್ಟೆಯ ಮೇಲೆ ಕುಳಿತು ಪಂಚಮಿಯ ಉಂಡಿಗೆಂದು ಶೇಂಗಾ ಸುಲಿಯುತ್ತಿದ್ದರು. ತೊಂಬತ್ತರ ಹತ್ತಿರದ ಜೀವ. ಕಣ್ಣು ಮಂದ, ದನಿ ಗಟ್ಟಿ. ಬೈಲಹೊಂಗಲದವನು, ನಿಮ್ಮ ಅಣ್ಣನ ಮೊಮ್ಮಗ ಎಂದೆ. ಕೈಯಲ್ಲಿದ್ದ ಶೇಂಗಾ ಮೊರಕ್ಕೆ ಬಿತ್ತು. ಒಳಗೆ ತಿರುಗಿ ಸೊಸೆಯನ್ನು ಕೂಗಿದರು: "ಏ, ನನ್ನ ಸೀರಿ ತಗೀ. ನನ್ನ ತವರಮನಿಯವರು ಪಂಚಮಿಗೆ ಕರಿಯಾಕ ಬಂದಾರ!"

ಯಾರು ಬಂದರು ಎಂದು ನಾನು ಹಿಂದೆ ತಿರುಗಿ ನೋಡಿದೆ. ಇಷ್ಟು ದಡ್ಡತನ ನನ್ನ ವಿದ್ಯಾರ್ಥಿಗಳಲ್ಲೂ ಕಂಡಿಲ್ಲ. ಪಂಚಮಿಗೆ ಮೊದಲು ಹೆಣ್ಣುಮಗಳ ಮನೆಗೆ ತವರಿನ ಗಂಡಸು ಬಂದರೆ ಕರೆಯಲು ಬಂದ ಎಂದೇ ಅರ್ಥ. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ನಾನು ಉಡಿ ತುಂಬಲು ಒಂದು ಕುಬಸದ ಕಣವಾಗಲಿ, ಒಂದು ತೆಂಗಿನಕಾಯಿಯಾಗಲಿ ಇಲ್ಲದೆ ಹೋಗಿದ್ದೆ.

"ಅಲ್ರೀ ಅಜ್ಜಿ, ಸ್ವಲ್ಪ ಮಾಹಿತಿ ಬೇಕಾಗಿತ್ತು" ಎಂದು ಕಾಗದ ತೆಗೆದೆ. "ನೀವು ಸಣ್ಣವರಿದ್ದಾಗ ರಜಾಕ್ಕ ಎಲ್ಲಿ ಹೋಗತಿದ್ರಿ?"

"ರಜಾ ಅಂದರ?"

"ಮನಿ ಬಿಟ್ಟು ಬ್ಯಾರೆ ಊರಿಗೆ…"

"ಹೆಣ್ಣಮಕ್ಕಳು ಮನಿ ಬಿಟ್ಟು ಹೋಗೂದು ಪಂಚಮಿಗೆ, ತವರಿಗೆ. ನನಗ ಇದ್ದಾಂವ ಒಬ್ಬ ಅಣ್ಣ. ಅವನ್ನ ಕೊಟ್ಟಾಗ ನನಗ ಐದು ವರ್ಷ. ಮುಂದ ಅಪ್ಪ ಅವ್ವ ಹ್ವಾದರು. ಕರಿಯಾಂವ ಯಾರು? ಓಣಿ ಹೆಣ್ಣಮಕ್ಕಳೆಲ್ಲ ತವರಿಗೆ ಹೋಗೂಮುಂದ ಕೀಲಿಕೈ ನನ್ನ ಕಡೆ ಕೊಟ್ಟು ಹೋಗತಾರ. ನಾ ಎಲ್ಲೂ ಹೋಗೂದಿಲ್ಲಂತ ಎಲ್ಲಾರಿಗೂ ಗೊತ್ತು." ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಆಗಲೇ ಮೂರು ಮನೆಯ ಕೀಲಿಕೈ ಬಂದಿದ್ದವು.

ಇಷ್ಟಾದ ಮೇಲೂ ನಾನು ಕೇಳಿದ್ದನ್ನು ಬರೆಯಲು ಈಗಲೂ ನಾಚಿಕೆ. "ಅಜ್ಜಿ, ನೀವು ಅವರ ತಂಗಿ ಅನ್ನೂದಕ್ಕ ಏನರ ಪುರಾವೆ ಐತೇನ್ರಿ?"

ಅವರು ಸಿಟ್ಟಾಗಲಿಲ್ಲ. "ಅವನ ಎಡಗಿವಿ ಹಿಂದ ಸುಟ್ಟ ಕಲಿ ಇತ್ತು. ಒಲಿ ಮುಂದ ಆಡೂಮುಂದ ನಾನ ದೂಡಿದ್ದೆ" ಎಂದರು.

ಆ ಕಲೆಯನ್ನು ನಾನು ಅಜ್ಜನ ಹೆಗಲ ಮೇಲೆ ಕುಳಿತು ಎಷ್ಟೋ ಸಲ ಬೆರಳಿಂದ ಮುಟ್ಟಿದ್ದೆ. ಆದರೂ ನನ್ನ ಕೈ ತನ್ನಷ್ಟಕ್ಕೆ 'ಪುರಾವೆ ಒಂದು' ಎಂದು ಬರೆದು, ಅದರ ಕೆಳಗೆ 'ಎರಡು' ಎಂದು ಹಾಕಿ ಜಾಗ ಬಿಟ್ಟಿತು. ಮತ್ತೆ ಬರುತ್ತೇನೆ ಎಂದು ಎದ್ದೆ.

"ಪಂಚಮಿಗೆ ಇನ್ನ ಎಂಟ ದಿನ ಐತಿ. ಮುಂಚೇಕ ಬಂದಿ ಅಂತ ತಿಳಕೋತೇನಿ" ಎಂದರು ಅಜ್ಜಿ.

ಊರಿಗೆ ಬಂದು ಅಪ್ಪನಿಗೆ ಬಾಯಿ ಬಿಡಲಿಲ್ಲ. ಕಿತ್ತೂರ ಯೋಧನ ವಂಶಸ್ಥನೆಂದು ಜಗತ್ತಿಗೆಲ್ಲ ಸಾರಿದವನಿಗೆ ಪಡಸಾಲೆಯಲ್ಲಿ ಕುಳಿತ ಎಪ್ಪತ್ತು ವರ್ಷದ ತಂದೆಯ ಮುಂದೆ ನಿಲ್ಲುವ ಧೈರ್ಯವಿರಲಿಲ್ಲ. ಅಜ್ಜಿ ದಿನ ಎಣಿಸುತ್ತಿದ್ದಾರೆ ಎಂದು ಗೊತ್ತಿದ್ದೂ ಆರು ದಿನ ಕಳೆದೆ. ಏಳನೆಯ ದಿನ ಪಂಚಮಿಯ ಹಿಂದಿನ ದಿನ. ಅದೇ ರವಿವಾರ, ಬಳಗದ ಸಭೆ. ಅಲ್ಲಿ ಬೇರೆ ವಿಷಯವೆಂಬಂತೆ ಇದನ್ನು ಮಂಡಿಸಿದೆ. ದತ್ತಕದಿಂದಾಗಿ ನನ್ನ ಶಾಖೆಯ ಸ್ಥಾನವೇನು, ಅಜ್ಜಿಯ ಹೆಸರನ್ನು ಒಂದೇ ಪುರಾವೆಯ ಮೇಲೆ ಬರೆಯಬಹುದೇ ಎಂದು.

ತಲಾಠಿಯವರು ಕನ್ನಡಕ ತೆಗೆದರು. "ಮಾಸ್ತರ, ದತ್ತಕ ಒಪ್ಪೂದಿಲ್ಲ ಅಂದಾಂವ ಕುಂಪಣಿ ಸಾಹೇಬ. ಅದಕ್ಕ ಕಿತ್ತೂರಾಗ ರಕ್ತ ಹರೀತು. ನೀವು ಕಿತ್ತೂರ ಕಡೆಯವರೋ, ಕುಂಪಣಿ ಕಡೆಯವರೋ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಪ್ಪನ ಆಣೆಯ ಮಾತು ತೆಗೆದೆ. "ಆಣಿ ಹೋಗೂದಕ್ಕ ಐತಿ. ಆಕಿ ಬರೂದಕ್ಕ ಎಲ್ಲೈತಿ?" ಎಂದರು ತಲಾಠಿ.

ಜೀಪಿನ ಸಾಹೇಬರು ಆಗಲೇ ಎದ್ದಿದ್ದರು. "ಏಳ್ರಿ ಸರ. ಹೆಣ್ಣಮಗಳು ಬಾಗಿಲದಾಗ ಕುಂತಿರತಾಳ. ದಾರ್ಯಾಗ ಒಂದು ಸೀರಿ ತಗೊಳ್ರಿ." ಎರಡು ವರ್ಷ ನಾನು ಅವರ ಅಜ್ಜನನ್ನು ಹೊರಗೆ ನಿಲ್ಲಿಸಿದ್ದೆ. ಅವರು ನನ್ನ ಅಜ್ಜಿಯನ್ನು ಒಂದು ತಾಸೂ ಕಾಯಿಸಲು ತಯಾರಿರಲಿಲ್ಲ.

ಅಜ್ಜಿ ನಿಜವಾಗಿ ಬಾಗಿಲಲ್ಲೇ ಇದ್ದರು, ಮಡಿಕೆ ಮುರಿಯದ ಸೀರೆ ಉಟ್ಟು, ಪಕ್ಕದಲ್ಲಿ ಉಂಡಿಯ ಡಬ್ಬಿ ಇಟ್ಟುಕೊಂಡು. ಮೂರು ದಿನದಿಂದ ಹೀಗೇ ಎಂದು ಸೊಸೆ ಹೇಳಿದಳು. ನನ್ನನ್ನು ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. ಓಣಿಯ ಕೀಲಿಕೈಗಳನ್ನೆಲ್ಲ ಸೊಸೆಯ ಕೈಗೆ ಹಾಕಿ, ದಾರಿಯಲ್ಲಿ ಸಿಕ್ಕವರಿಗೆಲ್ಲ "ತವರಿಗೆ ಹೊಂಟೇನಿ" ಎನ್ನುತ್ತ ಜೀಪು ಹತ್ತಿದರು. ಸವದತ್ತಿ ದಾಟುವಾಗ ನಾನು ಮುಖ ಆಚೆ ಮಾಡಿ ಅತ್ತೆ. ಧೂಳು ಎಂದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧೂಳೆಲ್ಲಿಯದು ಎಂದು ಸಾಹೇಬರು ಕೇಳಲಿಲ್ಲ.

ಪಡಸಾಲೆಯಲ್ಲಿದ್ದ ಅಪ್ಪ ಅಜ್ಜಿಯನ್ನು ಕಂಡು ಎದ್ದು ನಿಂತರು. ನಾನು ತಲಾಠಿಯವರ ವಾದವನ್ನು ಒಪ್ಪಿಸತೊಡಗಿದೆ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಬಚ್ಚಲಿಗೆ ಹೋಗಿ ತಾವೇ ತಂಬಿಗೆಯಲ್ಲಿ ನೀರು ತಂದು ಅಜ್ಜಿಯ ಕಾಲಿಗೆ ಹಾಕಿದರು.

ಮರುದಿನ ಪಂಚಮಿ. ದೇವರ ಕೋಣೆಯಲ್ಲಿ ಮಣ್ಣಿನ ನಾಗಪ್ಪ, ಹುರಿದ ಜೋಳದ ಅಳ್ಳು, ಹಾಲು. ನಮ್ಮಲ್ಲಿ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಪಾಲು ಹೇಳಿ ಎರೆಯಬೇಕು: ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಹೀಗೆ ತೊಟ್ಟಿಲ ಕೂಸಿನವರೆಗೆ. ಸತ್ತವರು, ಇದ್ದವರು, ಕೊಟ್ಟ ಹೆಣ್ಣುಮಕ್ಕಳು, ಎಲ್ಲರೂ ಬರುತ್ತಾರೆ. ವರ್ಷಕ್ಕೊಮ್ಮೆ ಮನೆಯಲ್ಲೇ ನಮ್ಮ ವಂಶಾವಳಿ ಗಟ್ಟಿಯಾಗಿ ಓದಿದಂತೆಯೇ ಅದು. ನಾನು ಎರಡು ಚಮಚ ಗಡಬಡಿಸಿ ಎರೆದು ಸೈಬರ್ ಕೆಫೆಗೆ ಓಡುತ್ತಿದ್ದೆ.

ಅಪ್ಪ ಎಲ್ಲರ ಪಾಲು ಹೇಳಿ ಮುಗಿಸಿದರು. ಆಮೇಲೆ ಮತ್ತೊಂದು ಚಮಚ ತುಂಬಿ, ಏನೂ ಹೇಳದೆ ಎರೆಯಹೋಗಿ ಕೈ ನಿಲ್ಲಿಸಿದರು.

"ಅತ್ತಿ" ಎಂದರು, ತಿರುಗದೆ. "ಅಪ್ಪ ವರ್ಷಾ ಎಲ್ಲಾರ ಪಾಲು ಎರದ ಮ್ಯಾಲ ಒಂದು ಪಾಲು ಬಾಯಿ ಬಿಡದ ಎರಿತಿದ್ದ. ಯಾರದಂತ ಕೇಳಿದರ ಹೇಳತಿದ್ದಿಲ್ಲ. ಸಾಯೂಮುಂದ ಹೇಳಿದ. ಅವನ ಹಿಂದ ನಾನೂ ಹಂಗ ಎರಿಯಾಕ ಹತ್ತೇನಿ."

ಅಜ್ಜಿ ಗೋಡೆ ಹಿಡಿದು ಹತ್ತಿರ ಬಂದು, ಅಪ್ಪನ ಚಮಚ ಹಿಡಿದ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಈಗ ಹೆಸರ ಹೇಳಿ ಎರಿ" ಎಂದರು.