ಒಂಬತ್ತು ಗಂಟೆಯ ಹಾದಿ

ವಿಮಾನದ ಟಿಕೆಟ್ ಮಾಡಿಕೊಡುವ ಆಫೀಸಿನಲ್ಲಿ ಆಕೆ ಕೂದಲು ನೆರೆಯುವವರೆಗೂ ದುಡಿದಳು. ತಮ್ಮನಿದ್ದ ಊರಿಗೆ ಯಾರಾದರೂ ಟಿಕೆಟ್ ಕೇಳಿದರೆ ಮುಖ ಅರಳುತ್ತಿತ್ತು.

“ಏಳು ಸಾವಿರ ಕಿಲೋಮೀಟರು. ಒಂಬತ್ತು ಗಂಟೆ.”

“ಅಬ್ಬಾ, ಅಷ್ಟು ದೂರಾನಾ?”

“ದೂರ ಏನು ಬಂತು! ಒಂದು ಊಟ, ಒಂದು ನಿದ್ದೆ. ಕಣ್ಣು ಬಿಟ್ರೆ ಅಲ್ಲಿರ್ತೀರಿ.”

ಆದರೆ ತಾನು ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

ತಮ್ಮನಿಗೆ ಅಲ್ಲೊಂದು ಕ್ಷೌರದಂಗಡಿ. ಕತ್ತರಿಗಿಂತ ಬಾಯಿಯೇ ಚುರುಕು. ಅಂಗಡಿ ಖಾಲಿಯಾದ ಕೂಡಲೇ ಅಕ್ಕನಿಗೆ ಫೋನು. ಅವನಿಗೆ ಬಿಡುವಾದ ಹೊತ್ತಿಗೇ ಇವಳ ಆಫೀಸಿನಲ್ಲಿ ನೂಕುನುಗ್ಗಲು.

“ಅಕ್ಕಾ, ಇವತ್ತೊಬ್ಬ ಬೋಳುತಲೆಯವನು ಬಂದು, ಬೈತಲೆ ಯಾವ ಕಡೆ ತೆಗೀತೀರಿ ಅಂತ ಕೇಳ್ದ…”

“ಜನ ಕಾಯ್ತಿದ್ದಾರೆ ಕಣೋ. ಆಮೇಲೆ ಮಾಡ್ತೀನಿ.”

“ಒಂದ್ಸಲ ಬಂದುಬಿಡು ಮಾರಾಯ್ತಿ. ಕೂತು ಮಾತಾಡೋಣ.”

“ಒಂಬತ್ತು ಗಂಟೆ ತಾನೇ? ಯಾವಾಗ ಬೇಕಾದ್ರೂ ಬರಬಹುದು ಬಿಡು.”

ಹಾಗೆನ್ನುತ್ತಲೇ ವರ್ಷಗಳು ಉರುಳಿದವು. ಒಂದು ರಜೆಯ ಹಂಗಾಮಿನಲ್ಲಿ, ಉಸಿರಾಡಲೂ ಪುರಸೊತ್ತಿಲ್ಲದ ದಿನ, ಅವನ ಫೋನು ಬಂತು. ಆಕೆ ಸದ್ದು ಅಡಗಿಸಿ ಪಕ್ಕಕ್ಕಿಟ್ಟಳು. ಸಂಜೆ ಮಾಡಿದರಾಯಿತು ಎಂದುಕೊಂಡವಳು ಮರೆತೇಬಿಟ್ಟಳು.

ಮುಂದಿನ ವಾರ ತಮ್ಮನ ಹೆಂಡತಿ ಫೋನ್ ಮಾಡಿದಳು. “ಅತ್ತಿಗೆ, ಇವರ ಗಂಟಲಲ್ಲಿ ಗಡ್ಡೆ ಇತ್ತು. ಆಪರೇಷನ್ ಆಯ್ತು. ಜೀವಕ್ಕೇನೂ ಭಯ ಇಲ್ಲ. ಆದ್ರೆ ಇನ್ನು ಮಾತು ಬರಲ್ಲ.”

“ನನಗ್ಯಾಕೆ ಮೊದಲೇ ಹೇಳಲಿಲ್ಲ?”

“ಗಾಬರಿಯಾಗ್ತೀರಿ ಅಂತ ನನ್ನ ಬಾಯಿ ಕಟ್ಟಿದ್ರು. ಆಪರೇಷನ್ನಿನ ಹಿಂದಿನ ದಿನ ಅವರೇ ನಿಮಗೆ ಫೋನ್ ಮಾಡಿದ್ರು. ನೀವು ಎತ್ತಲಿಲ್ಲ.”

ಮರುದಿನವೇ ಆಕೆ ವಿಮಾನ ಹತ್ತಿದಳು. ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು. ರೆಪ್ಪೆ ಅಂಟಲಿಲ್ಲ. ಎದುರಿನ ಪರದೆಯ ಮೇಲೆ ಪುಟ್ಟ ವಿಮಾನದ ಚಿತ್ರ ಸಮುದ್ರದ ನಡುವೆ ನಿಂತಲ್ಲೇ ನಿಂತಂತಿತ್ತು.

ತಮ್ಮ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. ಅಕ್ಕನನ್ನು ಕಂಡು ಅಭ್ಯಾಸಬಲದಿಂದ ಬಾಯಿ ತೆರೆದ. ತುಟಿ ಆಡಿತು, ದನಿಯಿಲ್ಲ.

“ನೀನು ಏನು ಹೇಳ್ಬೇಕಂತಿದ್ದೆ ಆವತ್ತು?” ಎಂದು ಅವನ ಕೈ ಹಿಡಿದು ಕೇಳಿದಳು. ಅವನು ಹೆಗಲು ಕುಣಿಸಿದ. ಸುಮ್ಮನೆ ಮಾಡಿದ್ದೆ ಎಂಬಂತೆ. ಮತ್ತೆ ಮತ್ತೆ ಕೇಳಿದರೂ ಅಷ್ಟೇ.

ಒಂದು ತಿಂಗಳು ಅಲ್ಲೇ ಉಳಿದಳು. ಅವನ ಅಂಗಡಿಯ ಬೆಂಚಿನ ಮೇಲೆ ಕೂತು, ಆಫೀಸಿಗೆ ಬರುವವರ ಪಜೀತಿಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಅವನಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ನಗು ಬರುವ ಜಾಗಕ್ಕಿಂತ ಮೊದಲೇ ತಾನೇ ನಕ್ಕು ಕೆಡಿಸುತ್ತಿದ್ದಳು. ಅವನು ಕತ್ತರಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ನಗುತ್ತಿದ್ದ. ಆಗೆಲ್ಲ ಆಕೆ ಮುಖ ತಿರುಗಿಸಿ ರಸ್ತೆ ನೋಡುತ್ತಿದ್ದಳು.